ಹಳೆ ಟ್ರ್ಯಾಕ್ಟರಿಗೆ ಟರ್ಬೊ ಕೂರಿಸಲೇ?

ಗುಡೇಕೋಟೆಯ ಓದುಗರೇ, ಮೆಕ್ಕೆಜೋಳದ ಟ್ರೈಲರ್ ಹೂಡಿ ಕೊಟ್ಟೂರಿನ ಎಪಿಎಂಸಿಗೆ ಹೊರಟರೆ ಏರಿನಲ್ಲಿ ನಿಮ್ಮ ಹಳೆ ಟ್ರ್ಯಾಕ್ಟರ್ ಏದುಸಿರು ಬಿಡುತ್ತದೆ, ಗುಜರಿಯಲ್ಲಿ ಸಿಕ್ಕ ಟರ್ಬೊ ಕೂರಿಸಲೇ ಎಂದು ಕೇಳಿದ್ದೀರಿ. ಕೂರಿಸಬಹುದು. ನಾನಾದರೆ ಕೂರಿಸುವುದಿಲ್ಲ.

ಟರ್ಬೊ ಕೊಡುವುದು ಬರೀ ಹೆಚ್ಚುವರಿ ಗಾಳಿ. ಶಕ್ತಿ ಬೇಕೆಂದರೆ ಪಂಪಿನಲ್ಲಿ ಡೀಸೆಲ್ಲನ್ನೂ ಏರಿಸಬೇಕು, ಆಗ ಶಾಖವೂ ಏರುತ್ತದೆ. ಟರ್ಬೊಗೆಂದೇ ತಯಾರಾದ ಎಷ್ಟೋ ಇಂಜಿನ್‌ಗಳಲ್ಲಿ ಪಿಸ್ಟನ್ನಿನ ತಳಕ್ಕೆ ಆಯಿಲ್ ಚಿಮ್ಮಿಸಿ ತಣಿಸುವ ಜೆಟ್ ಇರುತ್ತದೆ. ಅದಿಲ್ಲದ ಇಂಜಿನ್ನಿಗೆ ಡೀಸೆಲ್ ಸುರಿದರೆ ಹೆಡ್ ಗ್ಯಾಸ್ಕೆಟ್ ಹೋಗಬಹುದು, ಪಿಸ್ಟನ್ನೇ ಕರಗಬಹುದು. ಆಮೇಲೆ ಕ್ಲಚ್ಚಿನ ಸರದಿ. ನಿಮ್ಮ ಕಡೆಯ ಧೂಳು ಬೇರೆ! ಫಿಲ್ಟರ್ ದಾಟಿದ ಮಣ್ಣು, ನಿಮಿಷಕ್ಕೆ ಲಕ್ಷ ಸುತ್ತಿನ ಆಸುಪಾಸು ತಿರುಗುವ ಟರ್ಬೊ ರೆಕ್ಕೆಗಳನ್ನು ಸವೆಸಿಬಿಡುತ್ತದೆ.

ಮೊದಲು ಲೋಡಿನಲ್ಲಿ ಹೊಗೆ ನೋಡಿ. ಕಪ್ಪಾಗಿದ್ದರೆ ಏರ್ ಫಿಲ್ಟರ್ ಕಟ್ಟಿದೆ ಅಥವಾ ನಾಜಲ್ ಸೋರುತ್ತಿದೆ. ನೀಲಿಯಾದರೆ ಆಯಿಲ್ ಉರಿಯುತ್ತಿದೆ, ರಿಂಗ್ ಸವೆದಿರಬೇಕು. ಕಂಪ್ರೆಷನ್ ಅಳೆಸಿ, ಟ್ಯಾಪೆಟ್ ಸರಿಮಾಡಿಸಿ, ಪಂಪ್ ಕ್ಯಾಲಿಬ್ರೇಶನ್ ಮಾಡಿಸಿ. ಕಳೆದುಹೋದ ಶಕ್ತಿ ಬಹಳ ಸಲ ಅಲ್ಲೇ ಸಿಗುತ್ತದೆ.

ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿನ್ಯಾಸ ಬದಲಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಮಾಲೀಕರಿಗೆ ಪ್ರತಿ ಬದಲಾವಣೆಗೆ 5,000 ರೂ. ದಂಡ ಅಥವಾ 6 ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಹೊಸಪೇಟೆ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸದೆ ಸ್ಪ್ಯಾನರ್ ಮುಟ್ಟಬೇಡಿ.

ಇಷ್ಟಾದರೂ ಎಳೆತ ಸಾಲದೇ? ಟ್ರೈಲರಿನ ಲೋಡು ಇಳಿಸಿ, ಇಲ್ಲವೇ ಹೆಚ್ಚು ಎಚ್‌ಪಿಯ ಟ್ರ್ಯಾಕ್ಟರ್ ಬಾಡಿಗೆಗೆ ಹಿಡಿಯಿರಿ.