ಗಿಟಾರಿನ ಚರಿತ್ರೆಗೆ ಯಾವ ಪುಸ್ತಕ ನಂಬಬೇಕು?

ವ್ಯವಹಾರ ಅಧ್ಯಯನದ ಪ್ರಾಜೆಕ್ಟಿಗೆ ಒಂದು ಹಳೆಯ ಕುಟುಂಬ ಉದ್ಯಮವನ್ನು ಆರಿಸಿಕೊಳ್ಳಲು ಹೇಳಿದಾಗ ನಾನು ಅಮೆರಿಕದ ಮಾರ್ಟಿನ್ ಗಿಟಾರ್ ಕಂಪನಿಯ ಹೆಸರು ಕೊಟ್ಟೆ. ಕಾರಣ ನನ್ನ ಮಾಮು. ಅವರು ಮದುವೆ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಾರೆ. ಮಾರ್ಟಿನ್ ಎಂದರೆ ಸಾಕು, ಚಹಾ ತಣ್ಣಗಾದರೂ ಅವರ ಮಾತು ನಿಲ್ಲುವುದಿಲ್ಲ.

ಮೊದಲ ಕರಡಿನಲ್ಲೇ ಎಡವಿದೆ. ಹಳೆಯ ಮಾರ್ಟಿನ್ ಗಿಟಾರುಗಳ ಚಿತ್ರಗಳಲ್ಲಿ ‘ನ್ಯೂಯಾರ್ಕ್’ ಎಂಬ ಮುದ್ರೆ ಕಂಡು, 1898ರವರೆಗೆ ಅವೆಲ್ಲ ನ್ಯೂಯಾರ್ಕಿನಲ್ಲೇ ತಯಾರಾದವು ಎಂದು ಬರೆದಿದ್ದೆ. ಸರ್ ಅದರ ಕೆಳಗೆ ಕೆಂಪು ಗೆರೆ ಎಳೆದು, “ಇದಕ್ಕೆ ವೋಚರ್ ಎಲ್ಲಪ್ಪ?” ಎಂದರು. ತಿದ್ದಿ ತರಲು ಒಂದು ವಾರ ಸಮಯ. ತಪ್ಪಿದರೆ ಪ್ರಾಜೆಕ್ಟ್ ಅಂಕ ಇಲ್ಲ.

ಮಾಮು ನನ್ನನ್ನು ತಮ್ಮ ಗಿಟಾರ್ ಗುರುಗಳ ಮನೆಗೆ ಕರೆದೊಯ್ದರು. ಕಪಾಟಿನಲ್ಲಿ ಮಾರ್ಟಿನ್ ಬಗ್ಗೆಯೇ ನಾಲ್ಕು ಪುಸ್ತಕಗಳು! ವಾಶ್‌ಬರ್ನ್ ಮತ್ತು ಜಾನ್‌ಸ್ಟನ್ ಬರೆದ 1997ರ ಚಿತ್ರಪುಸ್ತಕಕ್ಕೆ ನಾನು ಕೈಹಾಕಿದೆ. ಮಾಮು ನಕ್ಕು, “ಅದನ್ನ ನೋಡಿ ಖುಷಿಪಡು ಬೇಟಾ, ಲೆಕ್ಕಕ್ಕೆ ಬೇರೆ ತೆಗೆ” ಎಂದರು.

‘ಬೇರೆ’ ಎಂದರೆ ಮೊದಲು ಮೈಕ್ ಲಾಂಗ್‌ವರ್ತ್. 1968ರಲ್ಲಿ ಗಿಟಾರಿಗೆ ಮುತ್ತಿನಚಿಪ್ಪು ಕೂರಿಸುವ ಕೆಲಸಕ್ಕೆಂದು ಕಾರ್ಖಾನೆ ಸೇರಿದ ಇವರು 1975ರಲ್ಲಿ ಕಂಪನಿಯ ಚರಿತ್ರೆ ಬರೆದರು. ಅದನ್ನೇ ರಿಚರ್ಡ್ ಜಾನ್‌ಸ್ಟನ್ ಮತ್ತು ಡಿಕ್ ಬೋಕ್ ವಿಸ್ತರಿಸಿ ಎರಡು ಸಂಪುಟ ಮಾಡಿದ್ದಾರೆ: 2008ರದು ಚರಿತ್ರೆ, 2009ರದು ತಾಂತ್ರಿಕ ಮಾಹಿತಿ. ಯಾವ ವರ್ಷ ಯಾವ ಕ್ರಮಸಂಖ್ಯೆಯವರೆಗೆ ಗಿಟಾರ್ ಬಂತು ಎಂಬ ಪಟ್ಟಿ ಬೇಕಾದವರಿಗೆ ಈ ಸಾಲಿನ ಪುಸ್ತಕಗಳೇ ಗತಿ. ಕ್ರಮಸಂಖ್ಯೆ ಶುರುವಾದದ್ದು 1898ರಲ್ಲಿ, ಅದೂ 8000ದಿಂದ. ಅಲ್ಲಿಯವರೆಗೆ ಸುಮಾರು ಅಷ್ಟು ಗಿಟಾರ್ ಮಾಡಿರಬಹುದೆಂದು ಕಂಪನಿಯವರು ಅಂದಾಜು ಹಾಕಿದ್ದರು. ಆರಂಭಿಕ ಶಿಲ್ಕೇ ಅಂದಾಜು! ನಮ್ಮ ಅಕೌಂಟೆನ್ಸಿ ಮೇಡಂ ಒಪ್ಪುವುದಿಲ್ಲ.

ಲಾಂಗ್‌ವರ್ತ್, ಬೋಕ್ ಇಬ್ಬರೂ ಕಂಪನಿಯಲ್ಲಿ ದುಡಿದವರು. ಒಳಗಿನವರಿಗೆ ದಾಖಲೆ ಸುಲಭವಾಗಿ ಸಿಗುತ್ತದೆ, ನಿಜ; ಆದರೆ ನಮ್ಮ ಅಂಗಡಿಯ ಬಗ್ಗೆ ನಾನೇ ಬರೆದರೆ ಸ್ವಲ್ಪ ಹೊಗಳದೇ ಇರುತ್ತೇನೆಯೇ? ಹೊರಗಿನವರೊಬ್ಬರ ಪುಸ್ತಕವೂ ಬೇಕೆನಿಸಿತು.

ಅದು ಫಿಲಿಪ್ ಗುರಾ ಅವರದು, 2003ರಲ್ಲಿ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಪ್ರಕಟಣೆ. ಗುರಾ ಸಾಹಿತ್ಯದ ಪ್ರಾಧ್ಯಾಪಕರು. ಅವರು ಕುಳಿತು ಓದಿದ್ದು ಕಂಪನಿಯಲ್ಲಿ ಉಳಿದಿದ್ದ ಹಳೆಯ ಲೆಡ್ಜರುಗಳನ್ನು, ದಿನವಹಿಗಳನ್ನು, ಪತ್ರಗಳನ್ನು. ಜರ್ಮನಿಯಿಂದ 1833ರಲ್ಲಿ ಬಂದ ಸಿ. ಎಫ್. ಮಾರ್ಟಿನ್ ನ್ಯೂಯಾರ್ಕಿನ ಅಂಗಡಿಯಲ್ಲಿ ಗಿಟಾರ್ ಒಂದನ್ನೇ ಅಲ್ಲ, ಆಮದು ಮಾಡಿದ ಬೇರೆ ವಾದ್ಯ, ತಂತಿ ಎಲ್ಲ ಮಾರುತ್ತಿದ್ದರು, ರಿಪೇರಿಯೂ ಮಾಡುತ್ತಿದ್ದರು ಎಂದು ಆ ಲೆಕ್ಕಗಳು ಹೇಳುತ್ತವೆ. ಅಬ್ಬು ಅವರ ಉದ್ರಿ ಪುಸ್ತಕ ಓದಿದ ಹಾಗೇ ಆಯಿತು. ಇಂಗ್ಲಿಷ್ ಕಷ್ಟವಾದರೂ ಬಿಡಲಾಗಲಿಲ್ಲ.

ನನ್ನ ತಪ್ಪು ಎಲ್ಲಿದೆ ಎಂದೂ ಗೊತ್ತಾಯಿತು. ಮಾರ್ಟಿನ್ 1839ರಲ್ಲೇ ನ್ಯೂಯಾರ್ಕ್ ಬಿಟ್ಟು ಪೆನ್ಸಿಲ್ವೇನಿಯಾದ ನಜರೆತ್ ಕಡೆಗೆ ಹೋಗಿದ್ದರು. ಮಾರಾಟದ ಏಜೆಂಟರು ನ್ಯೂಯಾರ್ಕಿನವರಾದ್ದರಿಂದ ಹಳೆಯ ಮುದ್ರೆ ಹಾಗೇ ಉಳಿಯಿತು. 1898ರಲ್ಲಿ ಮೊಮ್ಮಗ ಫ್ರಾಂಕ್ ಹೆನ್ರಿ ಮಾರ್ಟಿನ್ ಏಜೆಂಟರ ಸಂಬಂಧ ಕಡಿದು ಮಾರಾಟವನ್ನು ತಾವೇ ವಹಿಸಿಕೊಂಡರು, ಆಗ ಮುದ್ರೆಯಲ್ಲಿ ನಜರೆತ್ ಬಂತು. ನಮ್ಮ ಅಂಗಡಿ ಬೋರ್ಡಿನಲ್ಲೂ ಇನ್ನೂ ಹಳೇ ಬಜಾರಿನ ಹೆಸರಿದೆ, ಗಿರಾಕಿಗಳಿಗೆ ಅದೇ ಗುರುತು.

ಒಂದು ಎಚ್ಚರಿಕೆ: ಗುರಾ ಪುಸ್ತಕ ಸಂಸ್ಥಾಪಕರು ತೀರಿಕೊಂಡ 1873ಕ್ಕೆ ಮುಗಿಯುತ್ತದೆ. ಮಾಮುಗೆ ಪ್ರಾಣವಾದ, 1916ರಲ್ಲಿ ಬಾಸ್ಟನ್ನಿನ ಡಿಟ್ಸನ್ ಕಂಪನಿಗೆಂದು ಮೊದಲು ಮಾಡಿದ ದೊಡ್ಡ ಮೈಯ ‘ಡ್ರೆಡ್‌ನಾಟ್’ ಗಿಟಾರ್ ಅದರಲ್ಲಿಲ್ಲ. ಅದಕ್ಕೆ ಮತ್ತೆ ಆ ಎರಡು ಸಂಪುಟಗಳನ್ನೇ ತೆರೆಯಬೇಕು.

ಸರ್ ತಿದ್ದಿದ ಪುಟ ಓದಿ, ಕೆಂಪು ಗೆರೆಯ ಪಕ್ಕ ಸಹಿ ಹಾಕಿದರು. ಪುಸ್ತಕಗಳನ್ನು ಭಾನುವಾರ ವಾಪಸ್ ಕೊಡಬೇಕು, ಗುರಾ ಇನ್ನೂ ಅರವತ್ತು ಪುಟ ಬಾಕಿ.