ಗಾಜಿನ ತೊಟ್ಟಿಯ ಮೀನು ಕೆರೆಗೆ ಇಳಿಯದಿರಲಿ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಮನೆಯಲ್ಲಿ ಬಣ್ಣದ ಮೀನು ಸಾಕುವ, ಅಕ್ವೇರಿಯಂ ಅಂಗಡಿ ಇಡಬೇಕೆಂದಿರುವ ಮಕ್ಕಳಿಗೆ ಈ ಮಾತು. ಬಲೆ ಬೀಸಿ ಬದುಕಿದ ಮನೆಯವನು ನಾನು. ಮೀನು ಸಾಕಬೇಡಿ ಅನ್ನುವುದಿಲ್ಲ ಕಣ್ರಪ್ಪ. ನಮ್ಮ ನೀರಿನಲ್ಲಿ ಬದುಕಿ ಮರಿ ಮಾಡಬಲ್ಲ ಹೊರದೇಶದ ಮೀನಿನ ಮಾರಾಟವೇ ನಿಲ್ಲಬೇಕು ಅನ್ನುತ್ತೇನೆ. ಅದು ನಿಲ್ಲುವ ತನಕ ಇಷ್ಟು ಮಾಡಿ.

• ‘ಟ್ಯಾಂಕ್ ಕ್ಲೀನರ್’ ಎಂದು ಕೊಡುವ ಸಕ್ಕರ್ ಮೀನು ಕೊಳ್ಳಬೇಡಿ. ಅಂಗಡಿಯಲ್ಲಿ ಬೆರಳುದ್ದ, ಬೆಳೆದರೆ ಒಂದೂವರೆ ಅಡಿ. ದಕ್ಷಿಣ ಅಮೆರಿಕದ ಮೀನು ಅದು. ಮೈಯೆಲ್ಲ ಗಟ್ಟಿ ಚಿಪ್ಪು, ರೆಕ್ಕೆಯಲ್ಲಿ ಮುಳ್ಳು. ಬಲೆಗೆ ಬಿದ್ದರೆ ಬಲೆ ಹರಿಯುತ್ತದೆ, ಸಂತೆಗೆ ಒಯ್ದರೆ ಕೊಳ್ಳುವವರಿಲ್ಲ. ನೀರಿನಿಂದ ಎತ್ತಿಟ್ಟರೂ ಗಂಟೆಗಟ್ಟಲೆ ಸಾಯುವುದಿಲ್ಲ. ಮೊಟ್ಟೆ ಇಡಲು ದಡದ ಮಣ್ಣಿನಲ್ಲಿ ಬಿಲ ಕೊರೆಯುತ್ತದೆ. ಏರಿ ಕಟ್ಟಿ ನೀರು ನಿಲ್ಲಿಸಿ ಗದ್ದೆ ಮಾಡುವ ಸೀಮೆ ನಮ್ಮದು. ಏರಿಯೊಳಗೆ ಬಿಲ ಬಿದ್ದರೆ ಏನಾದೀತೆಂದು ನಿಮ್ಮೂರ ನೀರುಗಂಟಿಯನ್ನು ಕೇಳಿ.

• ನಮ್ಮೂರ ಕೆರೆ ಒಂದೇ ತಾನೇ ಅಂದುಕೊಳ್ಳಬೇಡಿ. ಕೆರೆಯ ಕೋಡಿ ಬಿದ್ದ ನೀರು ಹಳ್ಳಕ್ಕೆ, ಹಳ್ಳ ಲಕ್ಷ್ಮಣತೀರ್ಥಕ್ಕೆ, ಲಕ್ಷ್ಮಣತೀರ್ಥ ಕನ್ನಂಬಾಡಿ ಹಿನ್ನೀರಿಗೆ. ಹನಗೋಡು ಅಣೆಕಟ್ಟೆಯ ನಾಲೆ ಊರೂರಿಗೆ ಹೋಗುತ್ತದೆ. ಪಿರಿಯಾಪಟ್ಟಣದ ಕೆರೆಗಳಿಗೆ ಕಾವೇರಿ ನೀರನ್ನೇ ಎತ್ತಿ ತುಂಬಿಸುವ ಯೋಜನೆ ಬಂದಿದೆ. ನೀರು ಹೋದ ದಾರಿಯಲ್ಲಿ ಮರಿಯೂ ಹೋಗುತ್ತದೆ.

• ಅಲಿಗೇಟರ್ ಗಾರ್, ಅರಪೈಮಾದಂಥ ದೈತ್ಯ ಮೀನುಗಳನ್ನು ಯಾರು ಮಾರಿದರೂ ಮನೆಗೆ ತರಬೇಡಿ. 2018ರ ಪ್ರವಾಹದಲ್ಲಿ ಕೇರಳದ ಸಾಕು ಕೊಳಗಳಿಂದ ತಪ್ಪಿಸಿಕೊಂಡವು ಅಲ್ಲಿನ ಹೊಳೆಗಳಲ್ಲಿ ಬಲೆಗೆ ಬಿದ್ದವು. 2023ರಲ್ಲಿ ಕಾಶ್ಮೀರದ ದಾಲ್ ಸರೋವರದಲ್ಲೂ ಅಲಿಗೇಟರ್ ಗಾರ್ ಸಿಕ್ಕಿತು. ನಮ್ಮ ಕಬಿನಿ ಹರಿದು ಬರುವುದು ಕೇರಳದ ವಯನಾಡಿನಿಂದಲೇ.

• ಅಂಗಳದ ತೊಟ್ಟಿ, ತೋಟದ ಹೊಂಡಗಳಲ್ಲಿ ಸಾಕುವವರು ಪುನರ್ವಸು ಮಳೆಗೆ ಮೊದಲೇ ದಂಡೆ ಎತ್ತರಿಸಿ, ಬಲೆ ಬಿಗಿಯಿರಿ.

• ಬಿಳಿಮೀನಿನ ಕಥೆ ತಿಳಿದಿರಲಿ. ಬೆನ್ನು ಗೂನಾದ ಈ ಮಹಶೀರ್ ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ಅವರು ಕಬಿನಿಯಲ್ಲಿ ಗಾಳಕ್ಕೆ ಹಿಡಿದ ಮಹಶೀರ್ 120 ಪೌಂಡ್ ತೂಗಿತು, ಅಂದರೆ 54 ಕೆ.ಜಿ. ಮುಂದೆ 1970ರ ದಶಕದಿಂದ ಮೀನು ಹೆಚ್ಚಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಮಹಾರಾಷ್ಟ್ರದ ಲೋನಾವಳದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಕಾವೇರಿಗೆ ಬಿಟ್ಟರು. ಅದು ಹೆಚ್ಚಿತು, ನಮ್ಮದು ಕರಗಿತು. ಅಣೆಕಟ್ಟೆ, ಮರಳು ಲೂಟಿ, ಸಿಡಿಮದ್ದು ಹಾಕಿ ಹಿಡಿಯುವುದು ಇವೂ ಕಾರಣವೇ. 2018ರಲ್ಲಿ ಅಂತರರಾಷ್ಟ್ರೀಯ ಕೆಂಪು ಪಟ್ಟಿ ಬಿಳಿಮೀನನ್ನು ತೀವ್ರ ಅಳಿವಿನಂಚಿನಲ್ಲಿದೆ ಎಂದಿತು. ನಮ್ಮ ದೇಶದ್ದೇ, ಅದರ ಕುಲದ್ದೇ ಮೀನಿನಿಂದ ಇಷ್ಟಾಯಿತು.

• ಸಾಕಲಾಗದ ಮೀನನ್ನು ಅಂಗಡಿಗೆ ಹಿಂದಿರುಗಿಸಿ, ಇಲ್ಲವೇ ಸಾಕುವ ಇನ್ನೊಬ್ಬರಿಗೆ ಕೊಡಿ. ಯಾವುದೂ ಆಗದಿದ್ದರೆ ಲೀಟರ್ ನೀರಿಗೆ ಹತ್ತು ಹನ್ನೆರಡು ಹನಿ ಲವಂಗದ ಎಣ್ಣೆ ಚೆನ್ನಾಗಿ ಕದಡಿ ಅದರಲ್ಲಿ ಬಿಡಿ. ಮಂಪರು ಹತ್ತಿ ಹೋಗುತ್ತದೆ. ಕಿವಿರು ನಿಂತ ಮೇಲೂ ಅರ್ಧ ಗಂಟೆ ಬಿಟ್ಟು, ಆಮೇಲೆ ಹೂಳಿ. ಮನಸ್ಸಿಗೆ ನೋವಾಗುತ್ತದೆ, ನನಗೂ ಗೊತ್ತು. ಆದರೂ ಕೆರೆಗೆ ಮಾತ್ರ ಬೇಡ.

• ಪುಣ್ಯಕ್ಕೆಂದು ಮೀನು ಬಿಡುವವರಿದ್ದರೆ ಅವರ ನಂಬಿಕೆಯನ್ನು ಹಳಿಯಬೇಡಿ. ಅದೇ ನೀರಿನಲ್ಲಿ ಹಿಡಿದ ಗೆಂಡೆ, ಕೊರಮೀನನ್ನು ಬಲೆಗಾರರಿಂದ ಕೊಂಡು ಅಲ್ಲೇ ಬಿಡಲು ಹೇಳಿ.

• ತೊಟ್ಟಿಯ ನೀರನ್ನು ಚರಂಡಿಗಲ್ಲ, ತೆಂಗಿನ ಬುಡಕ್ಕೆ ಸುರಿಯಿರಿ. ಅದರೊಳಗಿನ ಗಿಡವನ್ನು ಬಿಸಿಲಿಗೆ ಒಣಗಿಸಿ. ಕೆರೆ ಮುಚ್ಚಿರುವ ನೇರಳೆ ಹೂವಿನ ಜೊಂಡೂ ಚೆಂದಕ್ಕೆಂದು ತಂದ ಗಿಡವೇ.

• ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದು ಈಗಾಗಲೇ ನಿಷಿದ್ಧ. ಹರಡಿದ ಮೇಲೆ ನಿಷೇಧಿಸಿದ್ದರಿಂದ ಇವತ್ತಿಗೂ ಅದರ ಕಾಟ ತಪ್ಪಿಲ್ಲ. ಅಕ್ವೇರಿಯಂ ಮೀನಿನ ವಿಷಯದಲ್ಲಿ ಹಾಗಾಗಬಾರದು. 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಕಾಯ್ದೆಯಲ್ಲಿ ಆಕ್ರಮಣಕಾರಿ ಹೊರಜೀವಿಗಳ ಆಮದು, ಮಾರಾಟ, ಸಾಕಣೆಯನ್ನು ತಡೆಯುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಸಿಕ್ಕಿದೆ. ಹೊಸ ಮೀನು ಬಲೆಗೆ ಬಿದ್ದರೆ ನೀರಿಗೆ ಮರಳಿ ಎಸೆಯದೆ ಫೋಟೊ ತೆಗೆದು, ದಿನ, ಕೆರೆಯ ಹೆಸರು ಬರೆದು ತಾಲ್ಲೂಕು ಮೀನುಗಾರಿಕೆ ಕಚೇರಿಗೂ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೂ ಕೊಡಿ. ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಿರಿ. ನಿಷೇಧ ಕೇಳಲು ಹೋದಾಗ ಆ ಕಾಗದವೇ ಬೇಕಾಗುತ್ತದೆ.