ಯಾರ ಕಣ್ಣಿಂದ ನೋಡುತ್ತಿದ್ದೀಯ?

ಮಗಳೇ, ನರಮೇಧವನ್ನು ಸಾಹಿತ್ಯ, ಸಿನಿಮಾಗಳು ಹೇಗೆ ಕಟ್ಟಿಕೊಟ್ಟಿವೆ ಎಂದು ಸಂಶೋಧನೆಗೆ ಹೊರಟಿದ್ದೀಯ. ನಿನ್ನ ಪಟ್ಟಿಯಲ್ಲಿ ಅರ್ಮೇನಿಯ, ಆಶ್ವಿಟ್ಸ್, ರುವಾಂಡ, ಬೋಸ್ನಿಯ ಎಲ್ಲವೂ ಇವೆ. ಅಷ್ಟನ್ನೂ ತಬ್ಬಿಕೊಳ್ಳಲು ಹೋಗಬೇಡ. ಒಂದೇ ನಾಡನ್ನು ಹಿಡಿ. ನನ್ನನ್ನು ಕೇಳಿದರೆ ಕಾಂಬೋಡಿಯ ಅನ್ನುತ್ತೇನೆ.

1975ರ ಏಪ್ರಿಲ್ 17ರಂದು ಅಲ್ಲಿನ ಕಮ್ಯುನಿಸ್ಟ್ ಬಂಡುಕೋರರಾದ ಖ್ಮೇರ್ ರೂಜ್ ಪಡೆ ರಾಜಧಾನಿ ನಾಮ್‌ಪೆನ್ ನಗರವನ್ನು ಹೊಕ್ಕು, ಜನರನ್ನೆಲ್ಲ ಹಳ್ಳಿಗಾಡಿಗೆ ಅಟ್ಟಿತು. 1979ರ ಜನವರಿಯಲ್ಲಿ ಆ ಆಳ್ವಿಕೆ ಉರುಳುವಷ್ಟರಲ್ಲಿ ಸುಮಾರು 17 ಲಕ್ಷ ಜನ ಹಸಿವು, ರೋಗ, ಜೀತ, ಕೊಲೆಗಳಿಗೆ ಬಲಿಯಾಗಿದ್ದರು.

ಮೊದಲು 'ದಿ ಕಿಲ್ಲಿಂಗ್ ಫೀಲ್ಡ್ಸ್' (1984) ನೋಡು. ಒಳ್ಳೆಯ ಚಿತ್ರ. ಕಾಂಬೋಡಿಯದ ಪತ್ರಕರ್ತ ಡಿತ್ ಪ್ರಾನ್ ಪಾತ್ರ ಮಾಡಿ ಆಸ್ಕರ್ ಪಡೆದ ಹೈಂಗ್ ನೋರ್ ಸ್ವತಃ ಆ ನರಕವನ್ನು ದಾಟಿ ಬಂದ ವೈದ್ಯರು. ಆದರೂ ನಾವು ಕಾಂಬೋಡಿಯದೊಳಗೆ ಕಾಲಿಡುವುದು ಅಮೆರಿಕದ ಪತ್ರಕರ್ತನೊಬ್ಬನ ಬೆನ್ನ ಹಿಂದೆ. ಅದರಿಂದ ಏನು ಕಂಡಿತು, ಏನು ಮರೆಯಾಯಿತು ಎಂದು ಬರೆದಿಟ್ಟುಕೋ.

ಆಮೇಲೆ ಕಾಂಬೋಡಿಯದವರೇ ಆದ ನಿರ್ದೇಶಕ ರಿಥಿ ಪಾನ್ ಅವರ ಹತ್ತಿರ ಬಾ. ಹುಡುಗನಾಗಿದ್ದಾಗಲೇ ಮನೆಯವರನ್ನು ಕಳೆದುಕೊಂಡು ಬದುಕುಳಿದವರು ಅವರು. ಟುಯೋಲ್ ಸ್ಲೆಂಗ್ ಎಂಬಲ್ಲಿ ಪ್ರೌಢಶಾಲೆಯೊಂದನ್ನು ಖ್ಮೇರ್ ರೂಜ್ ಸೆರೆಮನೆ ಮಾಡಿಕೊಂಡಿತ್ತು. ಅದೇ ಎಸ್-21. ಅಲ್ಲಿನ ಹಳೆಯ ಕಾವಲುಗಾರರನ್ನು ರಿಥಿ ಪಾನ್ ತಮ್ಮ 2003ರ ಚಿತ್ರಕ್ಕಾಗಿ ಮತ್ತೆ ಆ ಕಟ್ಟಡಕ್ಕೇ ಕರೆತಂದರು. ಒಬ್ಬ ಕಾವಲುಗಾರ ಖಾಲಿ ಕೋಣೆಯಲ್ಲಿ, ಅಲ್ಲಿಲ್ಲದ ಕೈದಿಗಳನ್ನು ಗದರಿಸುತ್ತ, ಅಂದು ಮಾಡಿದ್ದನ್ನೆಲ್ಲ ಮಾಡಿ ತೋರಿಸುತ್ತಾನೆ. ಆ ಮೈ ಏನನ್ನೂ ಮರೆತಿಲ್ಲ. ಕ್ಯಾಮೆರಾ ಮಾತ್ರ ಬಾಗಿಲ ಹೊರಗೇ ನಿಲ್ಲುತ್ತದೆ. ಒಳಗೆ ಹೋದರೆ ನೆಲದ ಮೇಲೆ ಮಲಗಿದ್ದ ಕೈದಿಗಳನ್ನು ತುಳಿದಂತಾದೀತು. ರಕ್ತದ ಒಂದು ಹನಿಯನ್ನೂ ತೋರಿಸದ ಈ ದೃಶ್ಯವನ್ನು ನಾನು ಯಾವ ಯುದ್ಧದ ಚಿತ್ರಕ್ಕೂ ಬಿಟ್ಟುಕೊಡಲಾರೆ. ನಿನ್ನ ಒಂದು ಅಧ್ಯಾಯಕ್ಕೆ ಅದೊಂದೇ ಸಾಕು.

'ದಿ ಮಿಸ್ಸಿಂಗ್ ಪಿಕ್ಚರ್' (2013) ಚಿತ್ರದಲ್ಲಿ ಅವರು ತಮ್ಮವರನ್ನು ಮಣ್ಣಿನ ಗೊಂಬೆಗಳಾಗಿ ಮಾಡಿಸಿದರು. ಆ ಕಾಲದ ಚಿತ್ರಸುರುಳಿಗಳಲ್ಲಿ ಇರುವುದು ಆಳುವವರ ಪ್ರಚಾರ. ಉಪವಾಸ ಸತ್ತ ತಂದೆಯ ಚಿತ್ರ ಯಾರ ಬಳಿಯೂ ಇರಲಿಲ್ಲ.

ಇಂಥ ಚಿತ್ರಗಳನ್ನು ಒಂದೇ ದಿನ ಎರಡೆರಡು ನೋಡಬೇಡ. ರಾತ್ರಿ ಒಬ್ಬಳೇ ಕೂತು ನೋಡಲೂಬೇಡ. ಮನಸ್ಸು ಕದಡಿದರೆ ಮುಚ್ಚುಮರೆಯಿಲ್ಲದೆ ಹೇಳು, ವಾರ ಬಿಟ್ಟೇ ಮುಂದುವರಿಸೋಣ.

ಇನ್ನೊಂದು. ಟುಯೋಲ್ ಸ್ಲೆಂಗ್ ಕೈದಿಗಳ ಮುಖದ ಫೋಟೋಗಳು ನಿನಗೆ ಸುಲಭವಾಗಿ ಸಿಗುತ್ತವೆ. ಅವನ್ನು ತೆಗೆದದ್ದು ಸೆರೆಮನೆಯವರೇ, ತಮ್ಮ ಕಡತಕ್ಕಾಗಿ. ನಿನ್ನ ಪ್ರಬಂಧದ ಮುಖಪುಟಕ್ಕೆ ಅವು ಬೇಡ. ಒಳಗೆ ಬಳಸುವುದಾದರೂ ಯಾರು, ಯಾತಕ್ಕೆ ತೆಗೆದರು ಎಂಬುದನ್ನು ಫೋಟೋದ ಕೆಳಗೇ ಬರೆ.